‘ಇಲ್ಲೆ’ ಅಂದವರ ಮನೆ ಆದಾಯ

ನನ್ನ ಕೆಲಸ ಉಳಿಸಿದ್ದು ನನ್ನ ಅಮ್ಮನ ಒಂದು ಮಾತು. ಅದನ್ನು ಅವಳು ನನಗಾಗಿ ಆಡಿದ್ದಲ್ಲ. ಯಾರೋ ಬೆಳಿಗ್ಗೆ ಬೆಳಿಗ್ಗೆ ಫೋನು ಮಾಡಿ ತಲೆ ತಿನ್ನುತ್ತಿದ್ದಾರೆ ಎಂಬ ಸಿಟ್ಟಿನಲ್ಲಿ ಆಡಿದ್ದು. ಈಗ ನೆನೆದರೆ ನಗು ತಡೆಯುವುದಿಲ್ಲ. ಆಗ ಮಾತ್ರ ಎರಡು ದಿನ ನನಗೆ ಅನ್ನ ಸೇರಿರಲಿಲ್ಲ.

ಮೈಸೂರಿನ ಒಂದು ಸಂಶೋಧನಾ ಕೇಂದ್ರದವರು ನಮ್ಮ ಕಡೆ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ಒಂದು ಅಧ್ಯಯನ ಶುರುಮಾಡಿದ್ದರು. ಮನೆಗಳಿಗೆ ಆದಾಯ ಎಲ್ಲೆಲ್ಲಿಂದ ಬರುತ್ತದೆ, ಸಣ್ಣಪುಟ್ಟ ವ್ಯಾಪಾರ ಮಾಡುವವರು ಬಂಡವಾಳಕ್ಕೆ ಯಾರ ಹತ್ತಿರ ಹೋಗುತ್ತಾರೆ ಎಂಬುದು ಅದರ ವಿಷಯ. ಮನೆ ಮನೆಗೆ ಹೋಗಿ ಕೇಳಿಕೊಂಡು ಬರಲು ಅವರಿಗೆ ಇಲ್ಲಿಯವರೇ ಬೇಕಿತ್ತು. ನಾನು ಕುಮಟಾದ ಖಾಸಗಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಹೇಳುತ್ತಿದ್ದವಳು, ಅದನ್ನು ಬಿಟ್ಟು ಇದಕ್ಕೆ ಸೇರಿದೆ. ಇದ್ದ ಕೆಲಸ ಬಿಟ್ಟು ಊರು ತಿರುಗುವ ಕೆಲಸ ಹಿಡಿಯುತ್ತಾಳಲ್ಲ ಎಂದು ಅಮ್ಮನಿಗೆ ಚಿಂತೆ. ಬಸ್ ಸ್ಟ್ಯಾಂಡಿನ ಹತ್ತಿರ ಗಂಡನದೊಂದು ಝೆರಾಕ್ಸ್ ಅಂಗಡಿ. ಜನರೆಲ್ಲ ಮೊಬೈಲಿನಲ್ಲೇ ಕಾಗದ ತೋರಿಸುವ ಕಾಲ ಬಂದ ಮೇಲೆ ಅದು ಹೆಚ್ಚುಕಡಿಮೆ ನೊಣ ಹೊಡೆಯುವ ಅಂಗಡಿಯೇ ಆಗಿತ್ತು. ಹಾಗಾಗಿ ನನ್ನ ಸಂಬಳ ಮನೆಗೆ ಬೇಕೇ ಬೇಕಿತ್ತು, ಅದು ಬಾಯಿಬಿಟ್ಟು ಹೇಳುವ ವಿಷಯ ಆಗಿರಲಿಲ್ಲ ಅಷ್ಟೆ.

ಮೊದಲ ಸುತ್ತು ಸರಿಯಾಗಿ ಮುಗಿದರೆ ಅದೇ ಮನೆಗಳಿಗೆ ಎರಡನೇ ಸುತ್ತು, ಆಮೇಲೆ ಮೂರನೆಯದು, ಹೀಗೆ ಕೆಲಸ ಮುಂದುವರಿಯುತ್ತದೆ ಎಂದು ಮೈಸೂರಿನ ಮೇಡಂ ಮೊದಲೇ ಹೇಳಿದ್ದರು. ಅಧ್ಯಯನದ ಮುಖ್ಯಸ್ಥೆ ಅವರೇ. ಚುರುಕಿನ ಹೆಂಗಸು, ಮಾತು ನೇರ, ತಪ್ಪು ಕಂಡರೆ ಸಹಿಸುವವರಲ್ಲ. ಅವರನ್ನು ಕಂಡರೆ ನನಗೆ ಗೌರವವೂ ಇತ್ತು, ಸ್ವಲ್ಪ ಹೆದರಿಕೆಯೂ ಇತ್ತು.

ಆದಾಯ ಕೇಳುವುದೆಂದರೆ ಸುಲಭದ ಕೆಲಸ ಅಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಊಟ ಹಾಕುತ್ತಾರೆ, ಬೇಕಾದರೆ ಹಾಸಿಗೆ ಹಾಸಿಕೊಡುತ್ತಾರೆ, ಆದಾಯ ಮಾತ್ರ ಹೇಳುವುದಿಲ್ಲ. ತಿಂಗಳಿಗೆ ಎಷ್ಟು ಬರುತ್ತದೆ ಎಂದರೆ ‘ಹ್ಯಾಂಗೋ ನಡೀತದೆ’ ಎನ್ನುತ್ತಾರೆ. ಮೈಸೂರಿನಲ್ಲಿ ಕೂತು ಪ್ರಶ್ನೆ ಬರೆದವರಿಗೆ ತಿಂಗಳು ಎಂಬುದರ ಮೇಲೆ ಬಹಳ ನಂಬಿಕೆ. ಇಲ್ಲಿ ಯಾರ ಆದಾಯವೂ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ದೋಣಿಗೆ ಹೋಗುವವರದು ದಿನದ ಲೆಕ್ಕ, ತೋಟದವರದು ಅಡಿಕೆ ಕೊಟ್ಟಾಗಿನ ಲೆಕ್ಕ. ಓಂ ಬೀಚಿನ ಹತ್ತಿರ ತನ್ನ ಮನೆಯದೇ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವವನೊಬ್ಬ ನನ್ನನ್ನೇ ಕೇಳಿದ: “ಮಳೆಗಾಲದಲ್ಲಿ ನಾನೇ ಬಡವ, ಕ್ರಿಸ್‌ಮಸ್ಸಿಗೆ ನಾನೇ ಸಾವ್ಕಾರ. ನೀವು ಯಾವಾಗಿನ್ದು ಬರ್ಕೊಳ್ತ್ರಿ?” ಅವನು ಕೊಟ್ಟ ಎಳನೀರು ಕುಡಿದು, ಎರಡನ್ನೂ ಬರೆದುಕೊಂಡು ಬಂದೆ.

ಭಟ್ಕಳದ ಮನೆಗಳನ್ನು ನೋಡಿಕೊಳ್ಳಲು ಅಲ್ಲಿಯದೇ ಒಬ್ಬ ಗೆಳತಿ ಇದ್ದಳು. ಅವಳಿಗೆ ಅಲ್ಲಿಯ ಮುಸ್ಲಿಮರ ಮನೆಮಾತಾದ ನವಾಯತಿ, ಉರ್ದು, ಕನ್ನಡ ಮೂರೂ ನೀರು ಕುಡಿದ ಹಾಗೆ. ಕೆಲಸ ಕಲಿಯಲೆಂದು ಮೊದಲ ಕೆಲವು ದಿನ ನಾನೂ ಅವಳ ಜೊತೆಗೇ ತಿರುಗಿದೆ. ಒಂದು ಮನೆಯಲ್ಲಿ ಮಗ ದುಬೈಯಲ್ಲಿದ್ದ. ಮನೆಯಲ್ಲಿ ದುಡಿಯುವವರು ಯಾರು, ಎಷ್ಟು ಕಳಿಸುತ್ತಾರೆ ಎಂದು ನಾವು ಕೇಳುತ್ತ ಹೋದ ಹಾಗೆ ತಾಯಿಯ ಮುಖ ಅರಳುತ್ತ ಹೋಯಿತು. ಕೊನೆಗೆ ಅವಳು, “ಅದೆಲ್ಲ ಆಮೇಲೆ ಹೇಳ್ತೆ. ಹುಡುಗಿ ಯಾವ ಕಡೆಯವಳು?” ಎಂದಳು. ನಾವು ಹೆಣ್ಣಿನ ಕಡೆಯಿಂದ ವಿಚಾರಿಸಲು ಬಂದವರು ಎಂದು ಅವಳು ತಿಳಿದಿದ್ದಳು. ಗೆಳತಿ ನವಾಯತಿಯಲ್ಲಿ ಏನೋ ಹೇಳಿ ಸಮಾಧಾನ ಮಾಡಿದಳು. ಆ ತಾಯಿಗೆ ಆದ ನಿರಾಸೆ ನೋಡಿ ನನಗೇ ಪಾಪ ಅನ್ನಿಸಿತು.

ಹೊನ್ನಾವರ, ಕುಮಟಾದ ತೋಟದ ಊರುಗಳು ನನ್ನ ಪಾಲಿಗೆ ಬಂದವು. ನಾನು ಹುಟ್ಟಿ ಬೆಳೆದದ್ದು ಅಂಥದೇ ಊರಿನಲ್ಲಿ, ಮನೆಮಾತೂ ಅಲ್ಲಿಯವರದೇ ಕನ್ನಡ, ಆದ್ದರಿಂದ ಜನ ನನ್ನ ಹತ್ತಿರ ಸಲೀಸಾಗಿ ಮಾತಾಡುತ್ತಾರೆ ಎಂಬುದು ಮೇಡಂ ಎಣಿಕೆ. ಅದು ಸುಳ್ಳಾಗಲಿಲ್ಲ. ಹೆಚ್ಚಿನ ಪ್ರಶ್ನೆಗಳಿಗೆ ಉತ್ತರವನ್ನು ನಾವೇ ಟ್ಯಾಬಿನಲ್ಲಿ ತುಂಬಬೇಕಿತ್ತು. ಸಾಲ ಮತ್ತು ವ್ಯಾಪಾರದ ಭಾಗವನ್ನು ಮಾತ್ರ, ಮನೆಯವರ ಒಪ್ಪಿಗೆ ಪಡೆದು, ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಬೇಕಿತ್ತು. ಜನ ತಮ್ಮ ಮಾತಿನಲ್ಲೇ ಹೇಳಲಿ, ನಾವು ನಡುವೆ ಬಾಯಿ ಹಾಕಿ ಕೆಡಿಸುವುದು ಬೇಡ ಎಂದು ಮೇಡಂ ಮಾಡಿದ ಏರ್ಪಾಡು ಅದು. ಆ ಧ್ವನಿ ನೇರವಾಗಿ ಮೈಸೂರಿಗೆ ಹೋಗುತ್ತಿತ್ತು. ಅಲ್ಲಿ ವಿದ್ಯಾರ್ಥಿಗಳು ಕೇಳಿ ಕೇಳಿ ಟೈಪು ಮಾಡುತ್ತಿದ್ದರು. ನಾನು ಒಮ್ಮೆ ಕಳಿಸಿದ ಮೇಲೆ ಅದನ್ನು ತಿರುಗಿ ಕೇಳುವ ಹಾಗೆ ಇರಲಿಲ್ಲ.

ಇಡಗುಂಜಿಗೆ ಹೋಗುವ ದಾರಿಯಲ್ಲಿ ಒಂದು ಊರು. ಅಲ್ಲಿ ಒಬ್ಬ ಅಕ್ಕ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು, ಅದಕ್ಕೇ ಅಕ್ಕ ಎಂದೆ, ಅವಳೂ ನನ್ನನ್ನು ತಂಗಿ ಎಂದಳು. ನಾನು ಹೋದಾಗ ಅವಳು ಹಿಂದಿನ ಜಗಲಿಯ ಒಲೆಯ ಮುಂದೆ ಕೂತು ತೊಡದೇವು ಮಾಡುತ್ತಿದ್ದಳು. ಒಲೆಯ ಮೇಲೆ ಬೋರಲು ಇಟ್ಟ ಗಡಿಗೆ, ಅದರ ಕಾದ ಬೆನ್ನಿನ ಮೇಲೆ ಬೆಲ್ಲ ಬೆರೆಸಿದ ತೆಳು ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಸರ್ರೆಂದು ಬಳಿದರೆ ಕಾಗದದಷ್ಟು ತೆಳುವಾದ ಹಾಳೆ ಏಳುತ್ತದೆ. ಅದನ್ನು ಬಿಸಿಯಲ್ಲೇ ಮಡಚಬೇಕು. ಮಾತಾಡುತ್ತಲೇ ಅವಳು ನನ್ನ ಕೈಗೂ ಒಂದು ಕೊಟ್ಟಳು. ನಾನು ಬಾಯಿಗೆ ಹಾಕಿಕೊಂಡೇ ಪ್ರಶ್ನೆ ಕೇಳಿದೆ.

“ಸೊಸೈಟಿ, ಬ್ಯಾಂಕು ಬಿಟ್ಟು ಬೇರೆ ಸಾಲ ಎಲ್ಲಾದ್ರೂ ಇದ್ದಾ ಅಕ್ಕಾ?”

“ಇಲ್ಲೆ,” ಎಂದಳು ಅವಳು, ತಲೆ ಅಲ್ಲಾಡಿಸಿ.

“ಮನೆಯವರ ವ್ಯಾಪಾರ ಎಂತಾದ್ರೂ, ಎಲ್ಲಾದ್ರೂ ಇದ್ದಾ?”

“ಇಲ್ಲೆ.”

ಮುಗಿಯಿತಲ್ಲ. ಇಲ್ಲ ಎಂದವರ ಹತ್ತಿರ ಎಷ್ಟು, ಯಾರದು ಎಂದು ಮುಂದೆ ಕೇಳುವುದಕ್ಕೆ ಏನೂ ಇರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಹೀಗೇ ಆಯಿತು. ತೋಟ ಇದೆ, ಸೊಸೈಟಿಯ ವ್ಯವಹಾರ ಇದೆ, ಮನೆಯಲ್ಲಿ ಒಬ್ಬರಿಗೆ ನೌಕರಿ ಇದೆ, ಹೊರಗಿನ ಸಾಲ, ವ್ಯಾಪಾರ ಇಲ್ಲ. ನಾನು ಒಳ್ಳೆಯ ಮನಸ್ಸಿನಿಂದಲೇ ಕೆಲಸ ಮುಗಿಸಿದೆ. ಬಿಸಿಲಿನಲ್ಲಿ ತಿರುಗಿ ಮುಖ ಕಪ್ಪಾಗಿತ್ತು, ಚಪ್ಪಲಿ ಸವೆದಿತ್ತು. ಶಾಲೆಯಲ್ಲಿ ಕಾಪಿ ತಿದ್ದುತ್ತ ಕೂರುವುದಕ್ಕಿಂತ ಇದೇ ವಾಸಿ ಎಂದು ಅಮ್ಮನ ಹತ್ತಿರ ಜಂಬವನ್ನೂ ಕೊಚ್ಚಿಕೊಂಡಿದ್ದೆ.

ಆಮೇಲೆ ಮೇಡಂ ಫೋನು ಬಂತು. ನಾನು ಗಂಡನ ಅಂಗಡಿಯಲ್ಲಿದ್ದೆ.

“ಭಟ್ಕಳದ ಮಾಹಿತಿ ಚೆನ್ನಾಗಿ ಬಂದಿದೆ,” ಎಂದರು. “ನಿಮ್ಮದರ ಬಗ್ಗೆ ಮಾತಾಡಬೇಕು. ನಿಮ್ಮ ಊರುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಯವರಿಗೂ ಊರೊಳಗೇ ಕೈಸಾಲ ಇದೆ. ಎಲ್ಲ ಮನೆಯಲ್ಲೂ ಒಂದೊಂದು ವ್ಯಾಪಾರ ಇದೆ. ಆದರೆ ಸಾಲ ಯಾರದು, ಬಡ್ಡಿ ಎಷ್ಟು, ವ್ಯಾಪಾರ ಎಂಥದು, ಒಂದಕ್ಕೂ ಉತ್ತರ ಇಲ್ಲ. ಇದು ಹೇಗೆ ಸಾಧ್ಯ?”

ನನಗೆ ತಲೆಬುಡ ತಿಳಿಯಲಿಲ್ಲ. “ಅಲ್ಲಿ ಯಾರಿಗೂ ಹೊರಗಿನ ಸಾಲ ಇಲ್ಲ ಮೇಡಂ. ಬಹಳ ಮನೆಗಳಲ್ಲಿ ವ್ಯಾಪಾರವೂ ಇಲ್ಲ,” ಎಂದೆ.

“ರೆಕಾರ್ಡಿಂಗ್ ಕೆಲವನ್ನು ನಾನೇ ಕೇಳಿದೀನಿ. ಎಲ್ಲರೂ ಒಂದೇ ಮಾತು ಹೇಳ್ತಾರೆ, ಹೇಳಿಕೊಟ್ಟ ಹಾಗೆ. ಬೇರೆ ಬೇರೆ ಮನೆಗೆ ಹೋಗಿದ್ದೀರೋ, ಅಥವಾ ಒಂದೇ ಕಡೆ ನಾಲ್ಕು ಜನರನ್ನ ಕೂರಿಸಿಕೊಂಡು ಮುಗಿಸಿದ್ದೀರೋ, ನನಗೆ ಗೊತ್ತಾಗಬೇಕು. ಸೋಮವಾರ ಸಭೆ ಇದೆ. ಅಷ್ಟರೊಳಗೆ ಸರಿಯಾದ ವಿವರಣೆ ಬರದಿದ್ದರೆ ಈ ಎರಡು ತಾಲೂಕಿನ ಮಾಹಿತಿ ಬಿಟ್ಟುಬಿಡ್ತೀವಿ. ಎರಡನೇ ಸುತ್ತಿಗೂ ಬೇರೆಯವರನ್ನ ನೋಡಬೇಕಾಗ್ತದೆ.”

ಅವರು ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ. ಎಲ್ಲರೂ ಹೇಳಿದ ಆ ಒಂದೇ ಮಾತು ಯಾವುದು ಎಂದು ನಾನು ಕೇಳಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನಗೆ ಯಾವತ್ತೂ ಬುದ್ಧಿಗಿಂತ ಮೊದಲು ಸಿಟ್ಟು ಬರುತ್ತದೆ. “ನಾನು ಸುಳ್ಳು ಬರೆಯುವವಳಲ್ಲ,” ಎಂದಷ್ಟೇ ಹೇಳಿ ಫೋನು ಇಟ್ಟೆ. ಕೆಲಸ ಹೋಗುತ್ತದೆ ಎಂಬುದು ಒಂದು, ಸುಳ್ಳಿ ಎನ್ನಿಸಿಕೊಂಡು ಹೋಗುತ್ತದೆ ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಉರಿಯಿತು.

ಭಟ್ಕಳದ ಗೆಳತಿಗೆ ಹೇಳಿದೆ. “ಎಂತ ಮಾರಾಯ್ತಿ, ನೀನು ಸುಳ್ಳು ಬರಿತಿಯಾ? ನಾನು ಮೇಡಂಗೆ ಹೇಳ್ತೆ,” ಎಂದಳು. ಅವಳು ಹೇಳಿಯೂ ಹೇಳಿದಳು. ಅವಳ ಮಾಹಿತಿ ಚೆನ್ನಾಗಿದ್ದದ್ದೇ ನನ್ನದನ್ನು ಇನ್ನಷ್ಟು ಕೆಟ್ಟದಾಗಿ ಕಾಣಿಸುತ್ತಿತ್ತು, ಪಾಪ, ಅದಕ್ಕೆ ಅವಳೇನು ಮಾಡಬೇಕು.

ತಡೆಯದೆ ಮಾರನೆಯ ದಿನ ಮತ್ತೆ ಊರುಗಳ ಕಡೆ ಹೊರಟೆ. ಜನರಿಂದಲೇ ಇನ್ನೊಮ್ಮೆ ಹೇಳಿಸಿಕೊಂಡು ಬಂದರೆ ಆಯಿತಲ್ಲ ಎಂಬುದು ನನ್ನ ಯೋಚನೆ. ಬಸ್ಸಿನಲ್ಲಿ ಶರಾವತಿ ಸೇತುವೆ ದಾಟುವಾಗಲೂ ಕಿಟಕಿಯ ಹೊರಗೆ ನೋಡಲಿಲ್ಲ, ಮೇಡಂ ಜೊತೆ ಮನಸ್ಸಿನಲ್ಲೇ ಜಗಳಾಡುತ್ತ ಕೂತಿದ್ದೆ. ಮೊದಲು ತೊಡದೇವಿನ ಅಕ್ಕನ ಮನೆಗೇ ಹೋದೆ. ಅವತ್ತು ಅಷ್ಟು ಪ್ರೀತಿಯಿಂದ ಮಾತಾಡಿದವಳು ಎಂಬ ಸಲುಗೆ.

“ಅಕ್ಕಾ, ಊರೊಳಗೆ ಯಾರತ್ರಾದ್ರೂ ಕೈಸಾಲ ಇದ್ದಾ?” ಎಂದೆ.

ಅವಳ ಮುಖ ಕಪ್ಪಿಟ್ಟಿತು. “ಯಾರು ಹೇಳಿದ್ದು ನಿಂಗೆ?”

“ಯಾರೂ ಹೇಳಿದ್ದಲ್ಲ. ಮೈಸೂರಲ್ಲಿ ಹಂಗೆ ಬರದ್ದು ಹೇಳಿ...”

“ಮೈಸೂರಲ್ಲಾ?” ಅವಳು ಎದ್ದೇ ನಿಂತಳು. “ಯಮ್ಮನೆ ಸಾಲದ ಸುದ್ದಿ ಮೈಸೂರವರೆಗೆ ಹೋತಾ? ಇಲ್ಲೆ ಹೇಳಿ ನಾ ಅವತ್ತೇ ಹೇಳಿದ್ದಿ ಅಲ್ದಾ ತಂಗಿ? ನೀನೇ ಬರ್ಕಂಡು ಹೋದ್ಯಲೆ?”

ಸಾಲ ಇಲ್ಲದವರ ಮನೆಗೆ ಹೋಗಿ ಸಾಲ ಇದೆಯಂತಲ್ಲ ಎಂದು ಕೇಳಿದರೆ ಇನ್ನೇನಾಗುತ್ತದೆ? ಯಾರೋ ನೆರೆಮನೆಯವರು ಹೊಟ್ಟೆಕಿಚ್ಚಿನಿಂದ ಹಬ್ಬಿಸಿದ್ದಾರೆ ಎಂದು ಅವಳು ಒಬ್ಬೊಬ್ಬರ ಮೇಲೆ ಗುಮಾನಿಪಡಲು ಶುರುಮಾಡಿದಳು. ನಾನು ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಅವತ್ತು ತೊಡದೇವು ಕೊಡಲೂ ಇಲ್ಲ. ಬೇರೆ ಮನೆಗಳಿಗೆ ಹೋಗುವ ಧೈರ್ಯ ನನಗೆ ಉಳಿಯಲಿಲ್ಲ. ಹೋದರೆ ಸಂಜೆಯೊಳಗೆ ಊರೆಲ್ಲ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆಗುತ್ತಿತ್ತು. ಹಾಗೇ ಬಸ್ಸು ಹತ್ತಿ ವಾಪಸು ಬಂದೆ.

ದಾರಿಯುದ್ದಕ್ಕೂ ಅಳು ಬರುತ್ತಿತ್ತು. ಮೈಸೂರಿನವರಿಗೆ ನಾನು ಸುಳ್ಳಿ, ನನ್ನ ಜನಕ್ಕೆ ಚಾಡಿಕೋರಿ. ಮನೆಗೆ ಬಂದು ಮೇಡಂಗೆ ಒಂದು ಉದ್ದನೆಯ ಪತ್ರ ಟೈಪು ಮಾಡಿದೆ. ನಿಮ್ಮ ಕೆಲಸವೂ ಬೇಡ, ನಿಮ್ಮ ಎರಡನೇ ಸುತ್ತೂ ಬೇಡ ಎಂದು ಅದರ ಸಾರ. ಗಂಡ ಅದನ್ನು ಓದಿ, “ಚೆನ್ನಾಗಿ ಬರದ್ದೆ. ನಾಳೆ ಕಳಿಸು,” ಎಂದರು. ನಾಳೆ ಎನ್ನುವುದು ಅವರ ಅಂಗಡಿಯ ಮಂತ್ರ. ಬೇರೆ ದಿನ ಆಗಿದ್ದರೆ ಅದಕ್ಕೇ ಜಗಳ ಆಗುತ್ತಿತ್ತು. ಅವತ್ತು ಸುಮ್ಮನೆ ಫೋನು ಬಂದ್ ಮಾಡಿ ಮಲಗಿದೆ.

ಬೆಳಿಗ್ಗೆಯೂ ಫೋನು ಆನ್ ಮಾಡಲಿಲ್ಲ. ಹಾಲು ತರಲು ಹೋದವಳು ದಾರಿಯಲ್ಲಿ ಸಿಕ್ಕಿದವರ ಜೊತೆ ನಿಂತೆ, ಮನೆಗೆ ಬರುವ ಮನಸ್ಸೇ ಇರಲಿಲ್ಲ. ಅಷ್ಟರಲ್ಲಿ ಮೇಡಂ ವಿವರಣೆ ಕೇಳಲು ನನಗೆ ಫೋನು ಮಾಡಿ ಮಾಡಿ ಸಾಕಾಗಿ, ಕೆಲಸಕ್ಕೆ ಸೇರುವಾಗ ನಾನು ಕೊಟ್ಟಿದ್ದ ಇನ್ನೊಂದು ನಂಬರಿಗೆ ಮಾಡಿದ್ದರು. ಅದು ಅಮ್ಮನದು. ಅಮ್ಮ ನಮ್ಮ ಜೊತೆಗೇ ಇರುವವಳು. ಫೋನನ್ನು ಕಿವಿಗೆ ಹಿಡಿಯುವ ಅಭ್ಯಾಸ ಅವಳಿಗೆ ಇಲ್ಲ. ಸ್ಪೀಕರ್ ಹಾಕಿ, ಬಾಯಿಯ ಮುಂದೆ ಕನ್ನಡಿಯ ಹಾಗೆ ಹಿಡಿದು ಮಾತಾಡುತ್ತಾಳೆ. ಹಾಗಾಗಿ ನಾನು ಮೆಟ್ಟಿಲು ಹತ್ತುವಾಗಲೇ ಇಬ್ಬರ ದನಿಯೂ ಕೇಳಿಸಿತು.

“ನಮಸ್ಕಾರ ಅಮ್ಮಾ. ನಿಮ್ಮ ಮಗಳು ಇದ್ದಾರಾ?”

“ಇಲ್ಲೆ,” ಎಂದಳು ಅಮ್ಮ.

“ಸರಿ, ಕೊಡಿ.”

“ಎಂತದ್ದು ಕೊಡವು?”

“ಫೋನು ಅಮ್ಮಾ.”

“ಫೋನು ಯನ್ನತ್ರೇ ಇದ್ದು. ಅದು ಇಲ್ಲೆ.”

ನಮ್ಮ ಮನೆಮಾತಿನಲ್ಲಿ ಹೆಂಗಸರನ್ನೂ ‘ಅದು’ ಎನ್ನುವುದು ರೂಢಿ. ಅಮ್ಮ ಹೇಳಿದ್ದು ನನ್ನನ್ನು. ಮೇಡಂ ಯಾವುದನ್ನು ಎಂದು ತಿಳಿದರೋ, “ಹೌದಮ್ಮಾ, ಫೋನು ಅಲ್ಲೇ ಇದೆ, ಗೊತ್ತಾಯ್ತು. ಮಗಳೂ ಅಲ್ಲೇ ಇದ್ದಾರೆ ಅಂದ್ರಲ್ಲ? ಸ್ವಲ್ಪ ಅವರ ಕೈಗೆ ಕೊಡಿ,” ಎಂದರು.

“ಅಯ್ಯೋ, ಇಲ್ಲೆ ಹೇಳಿ ಹೇಳ್ತಾ ಇದ್ದಿ ಅಲ್ದಾ!” ಅಮ್ಮ ಈಗ ಫೋನಿಗೇ ಗದರಿದಳು. “ಇಲ್ಲೇ ಇಲ್ಲೆ! ಹಾಲಿಗೆ ಹೋಯ್ದು!”

ಆ ಕಡೆ ಮಾತು ನಿಂತುಹೋಯಿತು. ಲೈನು ಕಟ್ಟಾಯಿತು ಎಂದು ಅಮ್ಮ ಫೋನನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು. ನಾನು ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಮೇಡಂ ಬಹಳ ನಿಧಾನವಾಗಿ ಕೇಳಿದರು.

“ಅಮ್ಮಾ, ಇಲ್ಲೆ ಅಂದ್ರೆ... ಇಲ್ಲ ಅಂತಾನಾ?”

“ಮತ್ತೆಂತ? ಇಲ್ಲೆ ಅಂದ್ರೆ ಇಲ್ಲೆ.”

ಅಲ್ಲಿಂದ ಒಂದು ನಗು ಬಂತು. ಮೇಡಂ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ತಡೆದು ತಡೆದು ಶುರುವಾಗಿ ಕೊನೆಗೆ ಉಸಿರು ಕಟ್ಟುವಷ್ಟಾಯಿತು. ಅಮ್ಮ ಗಾಬರಿಯಿಂದ ನನ್ನ ಕಡೆ ನೋಡಿ, “ಇದಕ್ಕೆ ಎಂತ ಆತೇ?” ಎಂದಳು. ನನಗೂ ಅಷ್ಟು ಹೊತ್ತಿಗೆ ಬೆಳಕಾಗಿತ್ತು. ಎಲ್ಲರೂ ಹೇಳಿದ್ದ ಒಂದೇ ಮಾತು! ನಾನು ಬೇರೆ ಮನೆಮನೆಯಲ್ಲೂ ‘ಎಲ್ಲಾದ್ರೂ ಇದ್ದಾ’ ಎಂದೇ ಕೇಳಿದ್ದೆ. ಸಾಲ ಎಲ್ಲಾದರೂ ಇದೆಯೇ ಎಂದರೆ ‘ಇಲ್ಲೆ’. ವ್ಯಾಪಾರ ಎಲ್ಲಾದರೂ ಇದೆಯೇ ಎಂದರೆ ‘ಇಲ್ಲೆ’. ಮೈಸೂರಿನ ಹುಡುಗರು ಪಾಪ, ಕೇಳಿದ್ದನ್ನೇ ಟೈಪು ಮಾಡಿದ್ದರು, ತಮಗೆ ತಿಳಿದ ಹಾಗೆ ಕೊನೆಯಲ್ಲಿ ಒಂದು ದೀರ್ಘ ಎಳೆದಿದ್ದರು ಅಷ್ಟೆ. ಸಾಲ ಇಲ್ಲೇ. ವ್ಯಾಪಾರ ಇಲ್ಲೇ. ತಲೆ ಅಲ್ಲಾಡಿಸಿದ್ದು ರೆಕಾರ್ಡಿಂಗಿನಲ್ಲಿ ಕೇಳುವುದಿಲ್ಲವಲ್ಲ.

ಫೋನು ತಗೊಂಡೆ. ಮೇಡಂ ಮೊದಲು ನಕ್ಕು, ಆಮೇಲೆ ಕ್ಷಮೆ ಕೇಳಿ, ಮತ್ತೆ ನಕ್ಕರು. “ಎಷ್ಟು ಮನೆಯವರ ಮೇಲೆ ಸಾಲ ಹೊರಿಸಿಬಿಟ್ವಿ ನಾವು! ನಿಮ್ಮ ಮೇಲೆ ಅನುಮಾನಪಟ್ಟೆ, ತಪ್ಪಾಯ್ತು. ಸೋಮವಾರದ ಸಭೆಯಲ್ಲಿ ನಾನೇ ಹೇಳ್ತೀನಿ. ಎರಡನೇ ಸುತ್ತಿಗೆ ನೀವೇ ಬೇಕು, ಬೇರೆ ಯಾರಿಗೆ ಅರ್ಥ ಆಗುತ್ತೆ ಇದು?” ಎಂದರು.

ಹೋದ ಜೀವ ಬಂದಂತಾಯಿತು. ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಹಾಲಿನ ಪ್ಯಾಕೆಟ್ಟು ತೊಡೆಯ ಮೇಲೆ ತಣ್ಣಗೆ ಬೆವರುತ್ತಿತ್ತು. ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಅಮ್ಮನಿಗೆ ವಿಷಯ ಬಿಡಿಸಿ ಹೇಳಿದರೆ ಅವಳಿಗೆ ಅದರಲ್ಲಿ ನಗುವಂಥದೇನೂ ಕಾಣಲಿಲ್ಲ. “ಸರಿಯಾಗಿ ಇಲ್ಲೆ ಹೇಳಿರೂ ತೆಳಿತಿಲ್ಲೆ ಅಂದ್ರೆ ಎಂತ ಓದಿದ್ವನ,” ಎಂದು ಹಾಲು ತಗೊಂಡು ಒಳಗೆ ಹೋದಳು. ಗಂಡ ಮಾತ್ರ ನನ್ನ ಉದ್ದನೆಯ ಪತ್ರವನ್ನು ನೆನಪಿಸಿ, “ಇವತ್ತು ಕಳಿಸ್ತ್ಯಾ?” ಎಂದು ಕೇಳಿದರು. ಅವತ್ತು ಅವರ ನಾಳೆಯ ಮೇಲೆ ನನಗೆ ಬಂದಷ್ಟು ಪ್ರೀತಿ ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲ.

ಭಟ್ಕಳದ ಗೆಳತಿಗೆ ಹೇಳಿದಾಗ ಅವಳು ನಕ್ಕು ನಕ್ಕು, “ನಮ್ಮಲ್ಲಿ ‘ನಹೀ’ ಅಂತಾರೆ, ಬದುಕಿದೆ,” ಎಂದಳು. ಅಲ್ಲಿಯ ಮಾತನ್ನೆಲ್ಲ ಅವಳೇ ಕನ್ನಡ ಮಾಡಿ ಕಳಿಸುತ್ತಿದ್ದಳು. ನಮ್ಮದು ಕನ್ನಡವೇ ಆದ್ದರಿಂದ ಅದನ್ನು ಕನ್ನಡ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ.

ಇನ್ನು ತಿದ್ದುವ ಕೆಲಸ. ನನ್ನ ಎಲ್ಲ ರೆಕಾರ್ಡಿಂಗುಗಳನ್ನು ಮೈಸೂರಿನಿಂದ ನನಗೇ ತಿರುಗಿ ಕಳಿಸಿದರು, ಒಂದೊಂದಾಗಿ ಕೇಳಿ ಎಲ್ಲಿ ‘ಇಲ್ಲೆ’, ಎಲ್ಲಿ ನಿಜವಾಗಿಯೂ ‘ಇಲ್ಲೇ’ ಎಂದು ಗುರುತು ಹಾಕಬೇಕಿತ್ತು. ಗಂಡನ ಅಂಗಡಿಯಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತೆ. ಗಿರಾಕಿಗಳು ಬಂದರೆ ಒಂದು ಕೈಯಲ್ಲಿ ಝೆರಾಕ್ಸೂ ಮಾಡಿಕೊಟ್ಟೆ. ಎಂಥ ಹಗುರ ಮನಸ್ಸು ಆಗ! ಮನೆ ಮನೆಯ ಸಾಲವನ್ನು ನಾನೇ ಒಂದೊಂದಾಗಿ ತೀರಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಒಂದು ದೀರ್ಘ ಅಳಿಸಿದರೆ ಒಂದು ಮನೆ ಋಣಮುಕ್ತ. ಜೊತೆಗೆ ಒಂದೊಂದು ಅಂಗಡಿಯೂ ಮುಚ್ಚುತ್ತಿತ್ತು. ಇಷ್ಟು ಖುಷಿಯಿಂದ ಯಾರೂ ಅಂಗಡಿ ಮುಚ್ಚಿಸಿರಲಾರರು.

ಹಾಗೆ ತೊಡದೇವಿನ ಅಕ್ಕನ ಸರದಿ ಬಂತು. ಅವಳ ದನಿ ಕೇಳಿ ಮೊದಲು ಸಂಕೋಚವಾಯಿತು. ‘ಸಾಲ ಎಲ್ಲಾದ್ರೂ ಇದ್ದಾ ಅಕ್ಕಾ?’ ‘ಇಲ್ಲೆ.’ ದೀರ್ಘ ತೆಗೆದೆ. ‘ವ್ಯಾಪಾರ ಎಂತಾದ್ರೂ, ಎಲ್ಲಾದ್ರೂ ಇದ್ದಾ?’ ‘ಇಲ್ಲೆ.’ ಅದನ್ನೂ ತೆಗೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಶಬ್ದ ಕೇಳಿಸಿತು. ಕಾದ ಗಡಿಗೆಯ ಮೇಲೆ ಹಿಟ್ಟು ಬಳಿದಾಗಿನ ಚುರ್ರ್ ಶಬ್ದ. ಅದರ ಹಿಂದೆಯೇ ಅವಳ ಫೋನು ಬಡಿದುಕೊಂಡಿತು. ಅವಳು ಅದರಲ್ಲಿ ಯಾರಿಗೋ ಹೇಳುತ್ತಾಳೆ: “ನಾಡಿದ್ದು ಕೊಡ್ತಿ. ಇವತ್ತಿಂದು ಹೊನ್ನಾವರದ ಅಂಗಡಿ ಪಾಲು.” ಆಮೇಲೆ ನನ್ನ ಕಡೆ ತಿರುಗಿ, “ಹೂಂ, ಮುಂದೆ ಕೇಳು ತಂಗಿ,” ಎಂದಿದ್ದಾಳೆ.

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅವತ್ತು ಆ ಒಲೆಯ ಎದುರೇ ಕೂತಿದ್ದೆ, ಬಾಯಿತುಂಬ ಅದನ್ನೇ ತಿನ್ನುತ್ತಿದ್ದೆ, ಆ ಫೋನನ್ನೂ ಕೇಳಿದ್ದೆ. ನನಗೆ ಕಂಡದ್ದು ಬಂದ ಅತಿಥಿಗೆ ತಿಂಡಿ ಕೊಡುವ ಮನೆ. ಹೆಂಗಸು ಒಲೆಯ ಮುಂದೆ ಕೂತಿದ್ದರೆ ಅದು ಅಡುಗೆ ಎಂದೇ ನಮಗೆಲ್ಲ ಲೆಕ್ಕ. ಅವಳಿಗೂ ಅದೇ ಲೆಕ್ಕ. ನಮ್ಮಿಬ್ಬರ ಪ್ರಕಾರ ವ್ಯಾಪಾರ ಇಲ್ಲೆ. ನಿಜ ಬರೆದವನು ಒಬ್ಬನೇ, ನಮ್ಮ ಮಾತು ತಿಳಿಯದೆ ತಪ್ಪು ಟೈಪು ಮಾಡಿದ ಆ ಮೈಸೂರಿನ ವಿದ್ಯಾರ್ಥಿ.

ಫೋನು ಮಾಡಿದೆ. ಮೊದಲು ಆದ ಎಡವಟ್ಟನ್ನೆಲ್ಲ ಹೇಳಿದೆ. ಮೈಸೂರಿನವರು ಇಲ್ಲೆಯನ್ನು ಇಲ್ಲೇ ಮಾಡಿದ ಕತೆ, ಅಮ್ಮನ ಕತೆ, ಎಲ್ಲ. ಅವಳು ಮೊದಲು ಹೂಂ ಹೂಂ ಎಂದಳು, ಆಮೇಲೆ ನಕ್ಕಳು, ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟಳು. “ಅಂತೂ ಊರವು ಯಾರೂ ಹೇಳಿದ್ದಲ್ಲ ಹೇಳಾತು,” ಎಂದಳು. ಅವಳ ಭಾರ ಇಳಿದದ್ದು ನನಗೆ ಇಲ್ಲಿಯವರೆಗೆ ಕೇಳಿಸಿತು. ನಾನು ಹೋಗಿ ಬಂದ ಮೇಲೆ ಒಂದು ವಾರ ಅವಳು ನೆರೆಮನೆಗೆ ಕಾಲಿಟ್ಟಿರಲಿಲ್ಲವಂತೆ. ಇವತ್ತೇ ಹೋಗಿ ಬರುತ್ತೇನೆ ಎಂದಳು.

“ಅಕ್ಕಾ, ಇನ್ನೊಂದು. ತೊಡದೇವು ಅಂಗಡಿಗೆ ಕೊಡ್ತೆ ಅಲ್ದಾ?”

“ಕೊಡ್ತಿ.”

“ಮತ್ತೆ ವ್ಯಾಪಾರ ಇಲ್ಲೆ ಹೇಳಿ ಎಂತಕ್ಕೆ ಹೇಳಿದ್ದು?”

“ಅದೆಂತ ವ್ಯಾಪಾರನೇ? ಮನೇಲಿ ಕುತ್ಗಂಡು ಮಾಡದು. ಒಲೆ ಮನೇದು, ಗಡಿಗೆ ಅತ್ತೆದು.”

“ದುಡ್ಡು?”

“ದುಡ್ಡು ಯಂದೇ,” ಎಂದಳು. ತನ್ನದೇ ಎಂದು ಹೇಳುವಾಗ ಅವಳ ದನಿ ಸಣ್ಣದಾಯಿತು. ಹಿಂದೆ ಯಾರೋ ಇದ್ದರೋ, ಅಥವಾ ತಾನು ಹೇಳಿದ್ದು ತನಗೇ ಹೊಸದಾಗಿ ಕೇಳಿಸಿತೋ ತಿಳಿಯದು. ಆಮೇಲೆ ಮೊದಲಿನ ಗಟ್ಟಿ ದನಿಯಲ್ಲೇ ಕೇಳಿದಳು: “ಅದನ್ನೂ ಬರೀತ್ರಾ ನಿಂಗೊ? ಆದಾಯ ಹೇಳಿ?”

“ಅದನ್ನೇ ಕೇಳಲೆ ಬಂದಿದ್ದು ಅಕ್ಕಾ. ಎಂತ ಹೇಳಿ ಬರೆಯಲಿ?”

“ಹಂಗಾರೆ ಸಾಲದ್ದು ಗಿಡ್ಡ ಮಾಡು, ಅದನ್ನ ಉದ್ದ ಎಳಿಯಡ,” ಎಂದಳು ಅವಳು. “ವ್ಯಾಪಾರದ್ದು ಹಂಗೇ ಇರ್ಲಿ. ಇಲ್ಲೇ ಹೇಳಿ ಬರ್ಕ.”

ಆ ಒಂದು ದೀರ್ಘವನ್ನು ನಾನು ಮುಟ್ಟಲಿಲ್ಲ.